ಕೈಸೇರಿದ ಕನಸು

ನಮ್ಮ ವಾಚಕರೊಡನೆ ನಾವು ಈ ಪುಟದಲ್ಲಿ ಸಾಮಾನ್ಯವಾಗಿ ಮನೆವಾರ್ತೆಯ ಮಾತುಗಳನ್ನೇ ಆಡುತ್ತ ಬಂದಿದ್ದೇವೆ. ಮಕ್ಕಳ ವಿದ್ಯಾಭ್ಯಾಸ, ಹಿರಿಯರ ಆರೈಕೆ, ಆದಾಯವೆಚ್ಚಗಳ ಹೊಂದಾಣಿಕೆ, ಇವೇ ನಮ್ಮ ವಿಷಯಗಳು. ಪರರಿಗೆ ಮಿತವ್ಯಯವನ್ನು ಬೋಧಿಸಿದ ಲೇಖನಿಯಿಂದಲೇ ಈ ತಿಂಗಳು ನಮ್ಮ ಸ್ವಂತ ದುಂದುಗಾರಿಕೆಯ ಕಥೆಯೊಂದನ್ನು ಬರೆಯಬೇಕಾಗಿ ಬಂದಿದೆ. ಬರೆಯಲು ಸಂಕೋಚವಾಗುತ್ತದೆ. ಆದರೂ ಬರೆಯುವುದೇ ಒಳ್ಳೆಯದೆಂದು ತೋರಿತು. ನಮಗಾದ ಅನುಭವವು ಇನ್ನೂ ಹಲವು ಮಂದಿ ಗೃಹಸ್ಥರಿಗೆ ಆಗಿರಬೇಕೆಂದೂ, ಅವರು ಅದನ್ನು ಯಾರೊಡನೆಯೂ ಹೇಳಿಕೊಳ್ಳಲಾರದೆ ಸುಮ್ಮನಿದ್ದಾರೆಂದೂ ನಮಗೆ ಅನುಮಾನ.

ಸಂಗತಿ ಇಷ್ಟೆ. ಒಂದೂವರೆ ವರ್ಷದ ಕೆಳಗೆ ನಾವು ಒಂದು ಸ್ಪೋರ್ಟ್ಸ್ ಕಾರನ್ನು ಕೊಂಡೆವು. ನಲವತ್ತು ವರ್ಷಗಳಿಗೂ ಮೇಲ್ಪಟ್ಟು ಬಯಸಿದ ವಾಹನ. ಅದು ಮನೆಗೆ ಬಂದಿತು. ಅದರೊಡನೆ ಬರುವುದೆಂದು ನಾವು ನಂಬಿದ್ದ ಸಂತೋಷವು ಮಾತ್ರ ಬರಲಿಲ್ಲ.

ಈ ಬಯಕೆ ಹುಟ್ಟಿದ್ದು 1982ರಲ್ಲಿ, ಹಾಸನದಲ್ಲಿ. ನಮಗೆ ಆಗ ಹನ್ನೆರಡು ವರ್ಷ. ಮುಂಬಯಿಯಲ್ಲಿ ಉದ್ಯೋಗದಲ್ಲಿದ್ದ ನಮ್ಮ ಸೋದರಮಾವನವರು ಬೇಸಗೆಯ ರಜದಲ್ಲಿ ಊರಿಗೆ ಬಂದಾಗ ಒಂದು ವಿಲಾಯತಿ ಕ್ಯಾಲೆಂಡರನ್ನು ತಂದುಕೊಟ್ಟರು. ತಿಂಗಳಿಗೊಂದರಂತೆ ಹನ್ನೆರಡು ಮೋಟಾರುಗಳ ಚಿತ್ರಗಳು ಅದರಲ್ಲಿದ್ದವು. ಆಗಸ್ಟ್ ತಿಂಗಳ ಪುಟದಲ್ಲಿ ಇಬ್ಬರು ಮಾತ್ರ ಕುಳಿತುಕೊಳ್ಳಬಹುದಾದ ಕೆಂಪು ಬಣ್ಣದ ಕಾರೊಂದು, ಯಾವುದೋ ಪರ್ವತದ ತಿರುವಿನಲ್ಲಿ, ನೆಲವನ್ನು ತಬ್ಬಿಕೊಂಡಂತೆ ನಿಂತಿತ್ತು. ಆ ಹಾಳೆಯನ್ನು ಕತ್ತರಿಸಿ, ಅನ್ನದ ಅಗುಳಿನಿಂದ ನಮ್ಮ ಟ್ರಂಕಿನ ಮುಚ್ಚಳದ ಒಳಮೈಗೆ ಅಂಟಿಸಿದೆವು. ಹೈಸ್ಕೂಲು ಮುಗಿದು, ಕಾಲೇಜು ಮುಗಿದು, ಟ್ರಂಕಿಗೆ ತುಕ್ಕು ಹಿಡಿಯುವವರೆಗೂ ಅದು ಅಲ್ಲಿಯೇ ಇತ್ತು.

ಆ ಕಾಲದ ಸ್ಥಿತಿಯನ್ನು ಇಂದಿನ ತರುಣರಿಗೆ ಸ್ವಲ್ಪ ವಿವರಿಸಬೇಕು. ನಮ್ಮ ದೇಶದ ಬೀದಿಗಳಲ್ಲಿ ಆಗ ಕಾಣುತ್ತಿದ್ದುದು ಮುಖ್ಯವಾಗಿ ಅಂಬಾಸಡರ್ ಮತ್ತು ಜನರು ಫಿಯಟ್ ಎಂದೇ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿ ಕಾರುಗಳು. ಅಲ್ಲೊಂದು ಇಲ್ಲೊಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇರುತ್ತಿತ್ತು. ಬೆಂಗಳೂರಿನಲ್ಲಿ ಸಿಪಾನಿ ಕಾರ್ಖಾನೆಯವರು ಗಾಜಿನ ನಾರಿನ ಮೈಯುಳ್ಳ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ತಯಾರಿಸುತ್ತಿದ್ದರು. ಮಾರುತಿ ಕಾರ್ಖಾನೆಯ ಮೊದಲನೆಯ ಕಾರು ಗಿರಾಕಿಯ ಕೈಸೇರಿದ್ದು 1983ರ ಡಿಸೆಂಬರ್ 14ರಂದು. ಯಾವ ಕಾರನ್ನು ಕೊಳ್ಳಬೇಕಾದರೂ ಹಣ ಕಟ್ಟಿ ಬಹುಕಾಲ ಕಾಯಬೇಕಾಗಿತ್ತು. ನಮ್ಮ ತಂದೆಯವರಿಗೆ ಇದ್ದುದು ಒಂದು ಸೈಕಲ್ಲು. ಹೀಗಿರುವಲ್ಲಿ ಆ ಕೆಂಪು ಕಾರು ದೊರೆಯುವ ಸಂಭವವೇ ಇರಲಿಲ್ಲ. ದೊರೆಯಲಾರದ ವಸ್ತುವನ್ನು ಬಯಸುವುದಕ್ಕೆ ವೆಚ್ಚವಿಲ್ಲವಾದುದರಿಂದ ನಾವು ಧಾರಾಳವಾಗಿ ಬಯಸಿದೆವು.

ಕಾಲ ಕಳೆಯಿತು. ಉದ್ಯೋಗ, ವಿವಾಹ, ಮನೆಯ ಸಾಲ, ಮಗಳ ವಿದ್ಯಾಭ್ಯಾಸ ಇವುಗಳ ನಡುವೆ ಬಯಕೆಯು ಮರೆಯಾದರೂ ಸಾಯಲಿಲ್ಲ. ಕಡೆಗೆ ಮನೆಯ ಸಾಲ ತೀರಿತು. ಮಗಳು ಉದ್ಯೋಗಕ್ಕೆ ಸೇರಿದಳು. ತಂದೆಯವರ ಕಾಲದ ನಿವೇಶನವೊಂದು ಮಾರಾಟವಾಗಿ ಒಂದಿಷ್ಟು ಹಣ ಕೈಗೆ ಬಂದಿತು. ಪರದೇಶದ ಹೆಸರಾಂತ ಕಾರ್ಖಾನೆಯೊಂದರ ಎರಡು ಆಸನಗಳ ಕಾರು, ಒಬ್ಬ ಗೃಹಸ್ಥರ ಕೈಯಲ್ಲಿ ಆರು ವರ್ಷ ಓಡಿದ್ದು, ಮಾರಾಟಕ್ಕಿರುವುದೆಂದು ಗೊತ್ತಾಯಿತು. ಬಣ್ಣ ಕೆಂಪು. ಕಾರ್ಖಾನೆಯ ಹೆಸರನ್ನು ಹೇಳುವುದು ಅನಾವಶ್ಯಕ. ಕಾರಿನಲ್ಲಿ ಯಾವ ಕುಂದೂ ಇಲ್ಲ. ಇಂದಿಗೂ ಅದು ಗಡಿಯಾರದಂತೆ ನಡೆಯುತ್ತದೆ. ಬೆಲೆಯನ್ನು ಮಾತ್ರ ಇಷ್ಟಕ್ಕೆ ಸೂಚಿಸುತ್ತೇವೆ: ನಾವು ವಾಸವಾಗಿರುವ ಮನೆಯನ್ನು ಕಟ್ಟಿಸಲು ಆದ ವೆಚ್ಚಕ್ಕಿಂತ ಅದು ಹೆಚ್ಚಾಗಿತ್ತು. ನಮ್ಮ ಮನೆಯವರು ಒಂದು ರಾತ್ರಿ ಯೋಚಿಸಿ, “ನಿಮ್ಮ ಆಸೆ ತೀರಲಿ. ಇನ್ನು ಯಾವಾಗ ಕೊಳ್ಳುತ್ತೀರಿ?” ಎಂದರು.

ಕಾರು ಬಂದ ದಿನ ನಾಲ್ಕು ಚಕ್ರಗಳಿಗೂ ನಿಂಬೆಹಣ್ಣನ್ನಿಟ್ಟು, ಹೂವು ಮುಡಿಸಿ, ಈಡುಗಾಯಿ ಒಡೆದೆವು. ನೆರೆಹೊರೆಯವರೆಲ್ಲ ಬಂದು ನೋಡಿದರು. ಮಗಳು ಹತ್ತಾರು ಫೋಟೋ ತೆಗೆದಳು. ನಮ್ಮ ತಾಯಿಯವರಿಗೆ ಎಂಬತ್ತೆರಡು ವರ್ಷ. ಮೊದಲ ಸವಾರಿ ಅವರಿಗೇ ಸಲ್ಲಬೇಕೆಂದು ಕೈಹಿಡಿದು ಕೂರಿಸಿದೆವು. ಆಸನವು ನೆಲಕ್ಕೆ ಒಂದು ಮೊಳ ಎತ್ತರವೂ ಇಲ್ಲ. “ಇದೇನಪ್ಪ, ಚಾಪೆಯ ಮೇಲೆ ಕೂತ ಹಾಗಿದೆ! ಇಳಿಸುವುದಕ್ಕೆ ಯಾರನ್ನು ಕರೆಯುತ್ತೀಯೆ?” ಎಂದು ಅವರು ಕೇಳಿದರು. ಎಲ್ಲರೂ ನಕ್ಕೆವು. ಬೀದಿಯ ಕೊನೆಯವರೆಗೆ ಹೋಗಿ ಬಂದ ಮೇಲೆ ಅವರನ್ನು ಇಳಿಸಲು ನಿಜವಾಗಿಯೂ ಇಬ್ಬರು ಬೇಕಾದರು. ಆ ದಿನದಿಂದ ಈ ದಿನದವರೆಗೆ ಅವರು ಮತ್ತೆ ಅದರಲ್ಲಿ ಕುಳಿತಿಲ್ಲ.

ಮೊದಲನೆಯ ವಾರ ನಮಗೆ ನಿದ್ರೆ ಸರಿಯಾಗಿ ಬರಲಿಲ್ಲ. ರಾತ್ರಿ ಎದ್ದು ಕಿಟಕಿಯಿಂದ ಕಾರನ್ನು ನೋಡುತ್ತಿದ್ದೆವು. ಎರಡನೆಯ ವಾರವೂ ಚೆನ್ನಾಗಿಯೇ ಕಳೆಯಿತು. ಮೂರನೆಯ ಭಾನುವಾರ ಬೆಳಗ್ಗೆ ಬೀಗದ ಕೈಯನ್ನು ಕೈಗೆತ್ತಿಕೊಂಡಾಗ, ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಮನಸ್ಸಿನಲ್ಲಿ ಮೂಡಿತು. ಉತ್ತರ ಹೊಳೆಯಲಿಲ್ಲ. ಕೈಯನ್ನು ಮೊಳೆಗೆ ಮತ್ತೆ ತಗುಲಿಹಾಕಿ ಒಳಕ್ಕೆ ಬಂದು ಪತ್ರಿಕೆಯನ್ನು ಓದುತ್ತ ಕುಳಿತೆವು. ಅದೇ ಆರಂಭ.

ಕಾರಿನ ಯಂತ್ರಕ್ಕೆ ಸುಮಾರು 300 ಅಶ್ವಶಕ್ತಿಯುಂಟು. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮುಟ್ಟಲು ಅದಕ್ಕೆ ಸುಮಾರು ಐದು ಸೆಕೆಂಡು ಸಾಕು. ನಾವಿರುವುದು ಬೆಂಗಳೂರಿನಲ್ಲಿ. ಟಾಮ್‌ಟಾಮ್ ಎಂಬ ಡಚ್ ಸಂಸ್ಥೆಯವರು 2022ನೆಯ ವರ್ಷಕ್ಕೆ ಮಾಡಿದ ಲೆಕ್ಕದಂತೆ, ಈ ನಗರದ ನಡುಭಾಗದಲ್ಲಿ 10 ಕಿಲೋಮೀಟರ್ ಕ್ರಮಿಸಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಅಂದರೆ ಗಂಟೆಗೆ ಇಪ್ಪತ್ತು ಕಿಲೋಮೀಟರಿನಷ್ಟು. ಆ ವರ್ಷ ಅವರು ಲೆಕ್ಕ ಹಾಕಿದ ನಗರಗಳಲ್ಲಿ ಲಂಡನ್ನಿನ ತರುವಾಯ ಅತಿ ನಿಧಾನವಾದುದು ನಮ್ಮ ನಗರವೇ. ಮುನ್ನೂರು ಕುದುರೆಗಳನ್ನು ಕಟ್ಟಿದ ರಥವು ಸೈಕಲ್ಲಿನ ಹಿಂದೆ ತೆವಳುತ್ತಿರುವುದನ್ನು ವಾಚಕರು ಊಹಿಸಿಕೊಳ್ಳಬಹುದು.

ಇನ್ನು ರಸ್ತೆಯ ಉಬ್ಬುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಉಬ್ಬು ಹತ್ತು ಸೆಂಟಿಮೀಟರ್ ಎತ್ತರವಾಗಿ, 3.7 ಮೀಟರ್ ಅಗಲಕ್ಕೆ ಇಳಿಜಾರಾಗಿರಬೇಕು. ನಮ್ಮ ಬಡಾವಣೆಯ ಉಬ್ಬುಗಳನ್ನು ಕಟ್ಟಿದವರು ಎತ್ತರದ ಭಾಗವನ್ನು ಮಾತ್ರ ಓದಿದಂತೆ ತೋರುತ್ತದೆ. ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಸುಮಾರು ಹದಿಮೂರು ಸೆಂಟಿಮೀಟರ್. ಪ್ರತಿಯೊಂದು ಉಬ್ಬಿನ ಮುಂದೆಯೂ ನಿಂತು, ಓರೆಯಾಗಿ, ಉಸಿರು ಬಿಗಿಹಿಡಿದು ದಾಟಬೇಕು. ಹಿಂದೆ ನಿಂತ ಆಟೋದವರು ತಮ್ಮ ಅಭಿಪ್ರಾಯವನ್ನು ಹಾರ್ನಿನಿಂದ ತಿಳಿಸುತ್ತಾರೆ.

ನಗರವನ್ನು ಬಿಟ್ಟು ಹೊರಟರೆ ಸುಖವುಂಟೆಂದು ಸ್ನೇಹಿತರು ಹೇಳಿದರು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿಯು ಸುಮಾರು 118 ಕಿಲೋಮೀಟರ್ ಉದ್ದವಾಗಿದೆ. ಒಂದು ದಿನ ಬೆಳಗಿನ ಜಾವದಲ್ಲಿಯೇ ಹೊರಟೆವು. ರಸ್ತೆಯೇನೋ ಸೊಗಸಾಗಿತ್ತು. ಆದರೆ ಅಪಘಾತಗಳು ಹೆಚ್ಚಿದುದರಿಂದ ಅಲ್ಲಿ ಗಂಟೆಗೆ 100 ಕಿಲೋಮೀಟರಿನ ಮಿತಿಯನ್ನು ಬಿಗಿಯಾಗಿ ಜಾರಿಗೆ ತಂದಿದ್ದಾರೆ. ಅದು ನ್ಯಾಯವೇ ಸರಿ. ನಾವು ಮಿತಿಯನ್ನು ಐದು ಸೆಕೆಂಡಿನಲ್ಲಿ ಮುಟ್ಟಿದೆವು. ಅನಂತರ ಮೈಸೂರಿನವರೆಗೆ ಮಾಡಲು ಬೇರೇನೂ ಕೆಲಸವಿರಲಿಲ್ಲ. ನಮ್ಮ ಪಕ್ಕದಲ್ಲಿಯೇ ಒಂದು ಬಾಡಿಗೆಯ ಕಾರು, ಮದುವೆಯ ದಿಬ್ಬಣದ ಆರು ಮಂದಿಯನ್ನು ತುಂಬಿಕೊಂಡು, ಅದೇ ನೂರರ ವೇಗದಲ್ಲಿ ಬರುತ್ತಿತ್ತು. ಅದರೊಳಗಿನವರು ಹಾಡುತ್ತಿದ್ದರು. ನಾವು ಒಬ್ಬರೇ ಇದ್ದೆವು.

ಒಬ್ಬರೇ ಏಕೆಂದರೆ, ಎರಡು ಆಸನಗಳ ಕಾರಿನಲ್ಲಿ ನಾಲ್ಕು ಮಂದಿಯ ಸಂಸಾರ ಹಿಡಿಸುವುದಿಲ್ಲ. ಮನೆಯವರನ್ನು ಕರೆದೊಯ್ದರೆ ತಾಯಿಯವರನ್ನು ನೋಡಿಕೊಳ್ಳಲು ಮಗಳು ನಿಲ್ಲಬೇಕು. ಮಗಳು ಬಂದರೆ ಮನೆಯವರು ನಿಲ್ಲಬೇಕು. ಯಾರು ಬರುವುದೆಂಬ ಚರ್ಚೆಯೇ ಬೇಡವೆಂದು ಕ್ರಮೇಣ ಇಬ್ಬರೂ, “ನೀವು ಹೋಗಿ ಬನ್ನಿ” ಎನ್ನತೊಡಗಿದರು. ಎಲ್ಲರೂ ಕೂಡಿ ಹೋಗಬೇಕಾದ ಕಡೆಗೆಲ್ಲ ನಮ್ಮ ಹನ್ನೊಂದು ವರ್ಷದ ಹಳೆಯ ಬೂದುಬಣ್ಣದ ಕಾರೇ ಹೋಗುತ್ತಿತ್ತು. ಆ ಬಡಪಾಯಿಗೆ ಯಾರೂ ಎಂದೂ ನಿಂಬೆಹಣ್ಣಿನ ಮೇಲೆ ಎರಡನೆಯ ಪೂಜೆ ಮಾಡಿದವರಲ್ಲ.

ಇದನ್ನೆಲ್ಲ ನಗುತ್ತ ಬರೆಯುತ್ತಿದ್ದೇವೆ. ಆ ತಿಂಗಳುಗಳಲ್ಲಿ ನಮಗೆ ನಗು ಬರುತ್ತಿರಲಿಲ್ಲ. ಅಷ್ಟು ಹಣವನ್ನು ಸುರಿದು, ಮನೆಯವರ ಅನುಮತಿಯನ್ನು ಪಡೆದು, ಬಂಧುಬಳಗದವರ ಮುಂದೆ ಮೆರೆದ ಮೇಲೆ, ರುಚಿಸಲಿಲ್ಲವೆಂದು ಯಾರೊಡನೆ ಹೇಳುವುದು? ಹಣವಿಲ್ಲದವರ ಮುಂದೆ ಹೇಳಿದರೆ ಅಹಂಕಾರವೆನ್ನುತ್ತಾರೆ. ಹಣವುಳ್ಳವರ ಮುಂದೆ ಹೇಳಿದರೆ, “ಇದಕ್ಕಿಂತ ದೊಡ್ಡದನ್ನು ಕೊಳ್ಳಬೇಕಾಗಿತ್ತು” ಎನ್ನುತ್ತಾರೆ. ಯಾರಾದರೂ ಕಾರು ಹೇಗಿದೆಯೆಂದು ಕೇಳಿದರೆ ನಾವು ಬಹಳ ಚೆನ್ನಾಗಿದೆಯೆಂದು ಹೇಳಿ, ಆ ಸುಳ್ಳಿನಿಂದ ಮತ್ತಷ್ಟು ಕುಗ್ಗುತ್ತಿದ್ದೆವು. ದೇವರು ಕೊಟ್ಟದ್ದನ್ನು ಅನುಭವಿಸಲಾರದ ಕೃತಘ್ನತೆಯೇ ಇದು ಎಂದು ನಮ್ಮನ್ನು ನಾವೇ ಬೈದುಕೊಂಡದ್ದುಂಟು.

ಹೀಗಿರುವಾಗ ಒಂದು ಸಂಜೆ ಎದುರು ಮನೆಯ ಹುಡುಗನೊಬ್ಬ, ಹತ್ತು ಹನ್ನೊಂದು ವರ್ಷದವನು, “ಅಂಕಲ್, ಒಳಗೆ ಕೂತ್ಕೊಳ್ಳಲಾ?” ಎಂದು ಕೇಳಿದನು. ಬಾಗಿಲು ತೆರೆದು ಕೂರಿಸಿದೆವು. ಓಡಿಸಿ ತೋರಿಸೋಣವೆ ಎಂದರೆ ಬೇಡವೆಂದನು. ಚಕ್ರವನ್ನು ಎರಡು ಕೈಗಳಿಂದಲೂ ಹಿಡಿದು, ಬಾಯಿಂದ ಸದ್ದು ಮಾಡುತ್ತ, ಹತ್ತು ನಿಮಿಷ ಕುಳಿತಿದ್ದು, ಪರಮತೃಪ್ತನಾಗಿ ಇಳಿದು ಹೋದನು. ಯಂತ್ರವನ್ನು ನಾವು ಚಾಲೂ ಮಾಡಿಯೇ ಇರಲಿಲ್ಲ. ಅವನು ಹೋದ ಮೇಲೆ ನಮಗೆ ಟ್ರಂಕಿನ ಮುಚ್ಚಳ ನೆನಪಾಯಿತು. ಈ ಕಾರನ್ನು ಬಯಸಿದವನು ಹನ್ನೆರಡು ವರ್ಷದ ಹುಡುಗ. ಹಣ ಕೊಟ್ಟು ತಂದವರು ಐವತ್ತು ದಾಟಿದ ಗೃಹಸ್ಥರು. ಅವನಿಗೆಂದು ತಂದ ಉಡುಗೊರೆಯನ್ನು ತೆಗೆದುಕೊಳ್ಳಲು ಆ ಹುಡುಗನು ಈಗ ಮನೆಯಲ್ಲಿಲ್ಲ.

ಈ ವಿಷಯವಾಗಿ ತಿಳಿದವರು ಏನು ಹೇಳುತ್ತಾರೆಂದು ವಿಚಾರಿಸತೊಡಗಿದೆವು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞರಾಗಿದ್ದ ನಾರ್ಬರ್ಟ್ ಶ್ವಾರ್ಟ್ಸ್ ಎಂಬುವರು, ಅರ್ಥಶಾಸ್ತ್ರದಲ್ಲಿ 2002ರ ನೊಬೆಲ್ ಪಾರಿತೋಷಕವನ್ನು ಪಡೆದ ಡೇನಿಯಲ್ ಕಾನೆಮನ್ನರೇ ಮೊದಲಾದವರೊಡನೆ ಸೇರಿ, ಕಾರುಗಳ ವಿಚಾರವಾಗಿಯೇ ಒಂದು ಪರಿಶೋಧನೆಯನ್ನು ನಡೆಸಿ 2009ರಲ್ಲಿ ಪ್ರಕಟಿಸಿದ್ದಾರೆ. ಬೆಲೆಬಾಳುವ ಕಾರನ್ನು ನಡೆಸಿದರೆ ಹೆಚ್ಚು ಸುಖವಾಗುವುದೆ ಎಂದು ಕೇಳಿದಾಗ ಜನರು ಹೌದೆಂದರು. ಕಾರುಳ್ಳವರನ್ನು, ಸಾಮಾನ್ಯವಾಗಿ ನಿಮಗೆ ಕಾರು ನಡೆಸುವಾಗ ಹೇಗೆನಿಸುತ್ತದೆಯೆಂದು ಕೇಳಿದಾಗಲೂ ಬೆಲೆ ಹೆಚ್ಚಿದಷ್ಟೂ ಸುಖ ಹೆಚ್ಚೆಂಬ ಉತ್ತರವೇ ಬಂದಿತು. ಆದರೆ, ಈಚೆಗೆ ನೀವು ಕಾರು ನಡೆಸಿದ ಆ ಒಂದು ಸಲ ನಿಮಗೆ ಹೇಗೆನಿಸಿತು ಎಂದು ಕೇಳಿದಾಗ, ಕಾರಿನ ಬೆಲೆಗೂ ಸುಖಕ್ಕೂ ಸಂಬಂಧವೇ ಕಾಣಲಿಲ್ಲ.

ಕಾರಣವೂ ಸುಲಭವಾದುದೇ. ಕಾರನ್ನು ಕುರಿತು ಆಲೋಚಿಸುವಾಗ ಮನಸ್ಸಿನಲ್ಲಿ ಕಾರೊಂದೇ ಇರುತ್ತದೆ. ನಡೆಸುವಾಗಲಾದರೋ ಮುಂದಿನ ಬಸ್ಸು, ಕಚೇರಿಯ ಕೆಲಸ, ತರಬೇಕಾದ ತರಕಾರಿ, ಮಗಳ ಜ್ವರ, ಇವೆಲ್ಲ ಇರುತ್ತವೆ. ಸುಮ್ಮನೆ ಸಂತೋಷಕ್ಕಾಗಿಯೇ ಹೊರಟ ಸವಾರಿಯಲ್ಲಿ ಮಾತ್ರ ಒಳ್ಳೆಯ ಕಾರು ಹೆಚ್ಚು ಸುಖವನ್ನು ಕೊಟ್ಟಿತೆಂದು ಆ ವಿದ್ವಾಂಸರು ಕಂಡುಕೊಂಡರು. ಅಂತಹ ಸವಾರಿಗಳು ಗೃಹಸ್ಥನ ಪಾಲಿಗೆ ತಿಂಗಳಿಗೆ ಎಷ್ಟು ಬರುತ್ತವೆಂಬುದನ್ನು ನಾವು ಲೆಕ್ಕ ಹಾಕಿ ಹೇಳಬೇಕಾಗಿಲ್ಲ.

ಅದೇ ವಿಶ್ವವಿದ್ಯಾನಿಲಯದ ಕೆಂಟ್ ಬೆರಿಜ್ ಎಂಬುವರ ಸಂಶೋಧನೆ ಇನ್ನೂ ಆಶ್ಚರ್ಯಕರವಾದುದು. ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವುಂಟು. ಅದೇ ಸುಖವನ್ನುಂಟುಮಾಡುವುದೆಂದು ಮೊದಲು ತಿಳಿದಿದ್ದರು. 1989ರಲ್ಲಿ ಇವರು ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳ ಮಿದುಳಿನಿಂದ ಆ ದ್ರವ್ಯವನ್ನು ಬಹುಮಟ್ಟಿಗೆ ಇಲ್ಲದಂತೆ ಮಾಡಲಾಗಿತ್ತು. ಅಂತಹ ಇಲಿಗಳು ತಾವಾಗಿ ಆಹಾರವನ್ನು ಹುಡುಕಿಕೊಂಡು ಹೋಗುವುದಿಲ್ಲ. ಆದರೆ ಸಕ್ಕರೆಯ ನೀರನ್ನು ಬಾಯಿಗೆ ಬಿಟ್ಟಾಗ ಮೊದಲಿನಂತೆಯೇ ಸವಿದು ತುಟಿ ನೆಕ್ಕಿದವು. ಎಂದರೆ, ಬೇಕೆನ್ನಿಸುವುದು ಒಂದು ವ್ಯಾಪಾರ, ಹಿತವೆನ್ನಿಸುವುದು ಬೇರೊಂದು ವ್ಯಾಪಾರ. ಸಾಮಾನ್ಯವಾಗಿ ಅವೆರಡೂ ಜೊತೆಯಲ್ಲಿ ಹೋಗುತ್ತವೆ. ಕೆಲವು ವೇಳೆ ಬೇಕೆನ್ನುವುದು ಬೆಟ್ಟದಷ್ಟಿದ್ದು ಹಿತವೆನ್ನುವುದು ಸಾಸಿವೆಯಷ್ಟಿರುವುದೂ ಉಂಟು. ದೂರದ ಬೆಟ್ಟ ನುಣ್ಣಗೆ ಎಂದ ನಮ್ಮ ಹಿರಿಯರು ಇಲಿಗಳ ಸಹಾಯವಿಲ್ಲದೆಯೇ ಇದರ ಅರ್ಧವನ್ನು ಕಂಡಿದ್ದರು.

ಕಾರನ್ನು ಮಾರುವವರಂತೂ ಇದನ್ನು ಚೆನ್ನಾಗಿ ಬಲ್ಲರು. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿ ಫೋರ್ಡ್ ಕಂಪನಿಯವರು ಮಸ್ಟ್ಯಾಂಗ್ ಎಂಬ ಕಾರನ್ನು ಹೊರತಂದರು. ಅದರ ಒಳಗಿನ ಸಾಮಗ್ರಿಯಲ್ಲಿ ಬಹುಭಾಗವು ಅವರದೇ ಫಾಲ್ಕನ್ ಎಂಬ ಸಾಧಾರಣ ಸಂಸಾರಿಕ ಕಾರಿನದು. ಅದಕ್ಕೆ ಉದ್ದವಾದ ಮೂತಿಯನ್ನೂ ಗಿಡ್ಡನೆಯ ಹಿಂಭಾಗವನ್ನೂ ಕೊಟ್ಟು, ಕಾಡುಕುದುರೆಯ ಹೆಸರನ್ನಿಟ್ಟರು. ಮೊದಲನೆಯ ದಿನವೇ ಇಪ್ಪತ್ತೆರಡು ಸಾವಿರ ಮಂದಿ ತಮಗೆ ಬೇಕೆಂದರೆಂದು ಹೇಳುತ್ತಾರೆ. ಒಂದು ವರ್ಷದೊಳಗಾಗಿ ನಾಲ್ಕು ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಇದರಲ್ಲಿ ಮೋಸವೇನೂ ಇಲ್ಲ. ಕಾರಿಗೆ ಒಂದು ಬೆಲೆ, ಕನಸಿಗೆ ಒಂದು ಬೆಲೆ, ಎರಡನ್ನೂ ಕೂಡಿಸಿ ಒಂದೇ ರಸೀದಿ ಬರೆಯುತ್ತಾರೆ, ಅಷ್ಟೆ.

ಇಷ್ಟನ್ನು ತಿಳಿದುಕೊಂಡ ಮೇಲೆ ನಮಗೆ ಸ್ವಲ್ಪ ಧೈರ್ಯ ಬಂದಿತು. ಒಂದು ರಾತ್ರಿ ಊಟವಾದ ಬಳಿಕ, ತಾಯಿಯವರು ಮಲಗಿದ ಮೇಲೆ, ನಮ್ಮ ಮನೆಯವರೊಡನೆ ನಿಜವನ್ನು ಹೇಳಿದೆವು: ಕಾರು ತಮಗೆ ಬೇಕೆನ್ನಿಸಿದಷ್ಟು ಹಿತವಾಗಲಿಲ್ಲವೆಂದು. ಅವರು ಕೋಪಿಸಿಕೊಳ್ಳುವರೆಂದು ಎಣಿಸಿದ್ದೆವು.

“ನನಗೆ ಎರಡನೆಯ ತಿಂಗಳಲ್ಲೇ ಗೊತ್ತಾಯಿತು. ನೀವು ಹೇಳಲಿ ಅಂತ ಸುಮ್ಮನಿದ್ದೆ” ಎಂದರು.

ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಅನಂತರ ಅವರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. “ನಿಮ್ಮ ಆಸೆ ನಮಗೆಲ್ಲ ಗೊತ್ತಿತ್ತು. ಮದುವೆಯಾದ ವರ್ಷದಿಂದ ಆ ಕ್ಯಾಲೆಂಡರಿನ ಕಥೆ ಕೇಳುತ್ತಾ ಇದ್ದೇನೆ. ನನ್ನ ಆಸೆ ಏನು ಅಂತ ನೀವು ಒಂದು ದಿನವಾದರೂ ಕೇಳಿದ್ದೀರಾ?”

ನಾವು ಕೇಳಿರಲಿಲ್ಲ. ಇಪ್ಪತ್ತೇಳು ವರ್ಷಗಳ ಸಂಸಾರದಲ್ಲಿ ಏನು ಬೇಕೆಂದು ದಿನವೂ ಕೇಳಿದ್ದೆವು: ಅಂಗಡಿಯಿಂದ ಏನು ಬೇಕು, ಹಬ್ಬಕ್ಕೆ ಏನು ಬೇಕು, ಮಗಳಿಗೆ ಏನು ಬೇಕು. ಇದನ್ನು ಮಾತ್ರ ಕೇಳಿರಲಿಲ್ಲ. ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: “ಕಾರು ಓಡಿಸುವುದನ್ನು ಕಲಿಯಬೇಕು ಅಂತ ಆಸೆ ಇತ್ತು.” ಮಗಳು ಶಾಲೆಗೆ ಸೇರಿದ ವರ್ಷ ಅವರು ಇದನ್ನು ಒಮ್ಮೆ ನಮ್ಮಲ್ಲಿ ಪ್ರಸ್ತಾಪಿಸಿದ್ದರಂತೆ. ಈ ಊರಿನ ಗದ್ದಲದಲ್ಲಿ ಆ ತೊಂದರೆ ಏಕೆ, ಎಲ್ಲಿಗೆ ಬೇಕಾದರೂ ಕರೆದೊಯ್ಯುವೆವಲ್ಲಾ ಎಂದು ನಾವು ಮಾತನ್ನು ತಳ್ಳಿಹಾಕಿದೆವಂತೆ. ನಮಗೆ ಅದು ನೆನಪೂ ಇರಲಿಲ್ಲ. ಅವರಿಗೆ ಆ ದಿನ ನಾವು ಉಟ್ಟಿದ್ದ ಪಂಚೆಯ ಅಂಚಿನ ಬಣ್ಣವೂ ನೆನಪಿತ್ತು.

ಮರುವಾರವೇ ಅವರು ನಮ್ಮ ಬಡಾವಣೆಯ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಅವರಿಗೆ ಐವತ್ತೊಂದು ವರ್ಷ. ಗಂಡನ ಹತ್ತಿರ ಕಲಿಯುವುದಿಲ್ಲವೆಂದು ಮೊದಲೇ ಖಂಡಿತವಾಗಿ ಹೇಳಿದರು. ಅದು ವಿವೇಕವೆಂದು ಇಂದಿಗೂ ನಮ್ಮ ಅಭಿಪ್ರಾಯ. ಮೊದಲನೆಯ ಸಲ ಪರೀಕ್ಷೆಯಲ್ಲಿ ಹಿಂದಕ್ಕೆ ನಡೆಸುವಾಗ ಗುರುತಿನ ಕಂಬಕ್ಕೆ ತಗುಲಿಸಿ ಅನುತ್ತೀರ್ಣರಾದರು. ಎರಡನೆಯ ಸಲ ಲೈಸೆನ್ಸು ಬಂದಿತು. ಕೆಂಪು ಕಾರನ್ನು ನಡೆಸುವೆಯಾ ಎಂದು ಕೇಳಿದೆವು. ಅವರು ನಕ್ಕು, “ಅದು ನಿಮ್ಮ ಆಸೆ. ನನಗೆ ಆ ಹಳೆಯದೇ ಸಾಕು” ಎಂದರು.

ಮೊನ್ನೆ ಯುಗಾದಿಯ ಮರುದಿನ ಅವರು ಅದೇ ಬೂದುಬಣ್ಣದ ಕಾರಿನಲ್ಲಿ ನಮ್ಮನ್ನೆಲ್ಲ ತುಮಕೂರಿನ ತಮ್ಮ ತವರುಮನೆಗೆ ಕರೆದೊಯ್ದರು. ತಾಯಿಯವರು ಮುಂದಿನ ಆಸನದಲ್ಲಿ, ನಾವೂ ಮಗಳೂ ಹಿಂದೆ. ಗಂಟೆಗೆ ಅರವತ್ತು ಕಿಲೋಮೀಟರಿಗೆ ಮೇಲೆ ಅವರು ಒಂದು ಸಲವೂ ಹೋಗಲಿಲ್ಲ. ಲಾರಿಗಳೆಲ್ಲ ನಮ್ಮನ್ನು ದಾಟಿಹೋದವು. ನೆಲಮಂಗಲವನ್ನು ಕಳೆದ ಮೇಲೆ ಬಿಗಿಹಿಡಿದಿದ್ದ ಅವರ ಭುಜಗಳು ಸ್ವಲ್ಪ ಸಡಿಲವಾದುವು. ತವರುಮನೆಯ ಮುಂದೆ ಕಾರು ನಿಂತಾಗ ಅವರ ಅಣ್ಣನವರು ಹೊರಗೆ ಬಂದು, ಚಾಲಕನ ಬಾಗಿಲಿನಿಂದ ತಂಗಿ ಇಳಿಯುವುದನ್ನು ನೋಡಿ, ಮಾತು ಹೊರಡದೆ ನಿಂತರು.

ಹಿಂತಿರುಗಿ ಬಂದ ರಾತ್ರಿ, ಇನ್ನು ಆರು ತಿಂಗಳಲ್ಲಿ ಈ ಸಂತೋಷವೂ ಹಳತಾಗುವುದಲ್ಲವೆ ಎಂದು ಅವರನ್ನು ಕೇಳಿದೆವು. ವಿದ್ವಾಂಸರನ್ನು ಓದಿದವರಿಗೆ ಇಂತಹ ಪ್ರಶ್ನೆ ಕೇಳುವ ಚಪಲ ಬಿಡುವುದಿಲ್ಲ. “ಆಗಲಿ” ಎಂದರು ಅವರು. “ಹಳತಾದರೂ ಅತ್ತೆಯವರ ಔಷಧಿ ತರುವುದಕ್ಕೆ ನಿಮ್ಮ ದಾರಿ ಕಾಯಬೇಕಾಗಿಲ್ಲವಲ್ಲ.”

ನಾವು ಪುಸ್ತಕಗಳಲ್ಲಿ ಹುಡುಕಿದ್ದು ಈ ಮಾತಿನಲ್ಲಿತ್ತು. ಹೊಸ ವಸ್ತುವಿನ ಹುರುಪು ಎಲ್ಲರಿಗೂ ಇಳಿಯುತ್ತದೆ. ಅದು ವಸ್ತುವಿನ ದೋಷವೂ ಅಲ್ಲ, ನಮ್ಮ ದೋಷವೂ ಅಲ್ಲ. ಹುರುಪು ಇಳಿದ ಮೇಲೆ ಮನೆಯಲ್ಲಿ ಏನು ಉಳಿಯುವುದೆಂಬುದೇ ಕೊಳ್ಳುವವನು ಕೇಳಿಕೊಳ್ಳಬೇಕಾದ ಪ್ರಶ್ನೆ. ಅವರ ಕಲಿಕೆಯ ಹುರುಪು ಇಳಿದರೆ ಒಂದು ಸ್ವಾತಂತ್ರ್ಯ ಉಳಿಯುತ್ತದೆ. ನಮ್ಮ ಕಾರಿನ ಹುರುಪು ಇಳಿದಾಗ ಉಳಿದುದು ಒಂದು ಹೊದಿಕೆ, ಅದರ ಕೆಳಗೆ ಒಂದು ಕೆಂಪು ಬಣ್ಣ, ಮತ್ತು ವರ್ಷ ವರ್ಷವೂ ಕಟ್ಟಬೇಕಾದ ವಿಮೆ.

ಹಾಗೆಂದು ಆಸೆಗಳನ್ನೆಲ್ಲ ಅದುಮಿಡಬೇಕೆಂದು ನಾವು ಬೋಧಿಸುವುದಿಲ್ಲ. ನಮ್ಮಂತೆ ಯಾವುದಾದರೂ ಹಳೆಯ ಕನಸನ್ನು ಕೈಯಲ್ಲಿ ಹಿಡಿಯಲು ಹೊರಟಿರುವ ಗೃಹಸ್ಥರಲ್ಲಿ ಮೂರು ಬಿನ್ನಹಗಳುಂಟು. ಮೊದಲನೆಯದಾಗಿ, ಅರ್ಧ ಗಂಟೆಯ ಸವಾರಿಯಿಂದ ಮರುಳಾಗದೆ, ಸಾಧ್ಯವಾದರೆ ಆ ವಸ್ತುವನ್ನು ಬಾಡಿಗೆಗೆ ಪಡೆದು ಒಂದು ವಾರವಾದರೂ ಅದರೊಡನೆ ಬಾಳಿ ನೋಡಬೇಕು. ಎರಡನೆಯದಾಗಿ, ಅದು ಬಂದ ದಿನದ ಚಿತ್ರವನ್ನು ಬಿಟ್ಟು, ಬಂದು ಆರು ತಿಂಗಳಾದ ಮೇಲಿನ ಒಂದು ಸಾಮಾನ್ಯ ಮಂಗಳವಾರವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಆ ದಿನ ಅದು ಎಲ್ಲಿರುತ್ತದೆ, ಯಾರು ಮುಟ್ಟುತ್ತಾರೆ, ಅದರಲ್ಲಿ ಯಾರಿಗೆಲ್ಲ ಜಾಗವುಂಟು? ಮೂರನೆಯದಾಗಿ, ಹಣವನ್ನು ಕೊಡುವ ಮೊದಲು ಮನೆಯ ಪ್ರತಿಯೊಬ್ಬರನ್ನೂ ಅವರ ಆಸೆಯೇನೆಂದು ಕೇಳಬೇಕು. ಕೇಳಿದ್ದನ್ನೆಲ್ಲ ಕೊಡಲು ಆಗದಿರಬಹುದು. ಕೇಳುವುದಕ್ಕೆ ನಿವೇಶನವನ್ನು ಮಾರಬೇಕಾಗಿಲ್ಲ.

ಈಗಾಗಲೇ ಕೊಂಡು, ಒಳಗೊಳಗೇ ಸಪ್ಪಗಾಗಿರುವವರಿಗೆ ಒಂದು ಮಾತು. ಅದನ್ನು ನಾಚಿಕೆಯೆಂದು ಬಚ್ಚಿಡಬೇಡಿ. ಮನೆಯಲ್ಲಿ ಒಬ್ಬರೊಡನೆಯಾದರೂ ಹೇಳಿ. ಆ ಸಪ್ಪೆಯನ್ನು ನೀಗಲೆಂದು ಇನ್ನೂ ದೊಡ್ಡದನ್ನು ಕೊಳ್ಳುವ ಅವಸರವಂತ��� ಬೇಡ.

ಕೆಂಪು ಕಾರನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ನಾವು ಇನ್ನೂ ತೀರ್ಮಾನಿಸಿಲ್ಲ. ಸದ್ಯಕ್ಕೆ ತಿಂಗಳಿಗೊಂದು ಭಾನುವಾರ ಬೆಳಗಿನ ಐದು ಗಂಟೆಗೆ ಎದ್ದು, ಯಾವ ಕೆಲಸವೂ ಇಲ್ಲದೆ, ಊರಾಚೆಗೆ ಒಂದು ಗಂಟೆ ಹೋಗಿ ಬರುತ್ತೇವೆ. ಆ ಒಂದು ಗಂಟೆ ಚೆನ್ನಾಗಿರುತ್ತದೆ. ಅದಕ್ಕಿಂತ ಹೆಚ್ಚನ್ನು ಅದರಿಂದ ಈಗ ಕೇಳುತ್ತಿಲ್ಲ. ನಾವು ಹಿಂತಿರುಗುವಷ್ಟರಲ್ಲಿ ಕೆಲವು ವೇಳೆ ಬೂದುಬಣ್ಣದ ಕಾರು ಮನೆಯ ಮುಂದೆ ಇರುವುದಿಲ್ಲ. ಎಲ್ಲಿಗೆ ಹೋಗಿದೆಯೆಂದು ತಾಯಿಯವರನ್ನು ಕೇಳಿದರೆ, “ನನಗೇನು ಗೊತ್ತಪ್ಪ? ಅವಳು ಹೇಳಿ ಹೋಗಲಿಲ್ಲ” ಎನ್ನುತ್ತಾರೆ.